ಸಮಾಧಾನ ಹೇಳುವವರಿಗೆ ಸಮಾಧಾನ ಯಾರು ಹೇಳಬೇಕು?

ಕಳೆದ ಸಂಚಿಕೆಗೇ ಈ ಲೇಖನ ಕೊಡುತ್ತೇನೆಂದು ಒಪ್ಪಿಕೊಂಡಿದ್ದೆ, ಕೊಡಲಾಗಲಿಲ್ಲ. ಸಂಪಾದಕರು ಕೇಳಿದ್ದು "ಮಾನಸಿಕ ಆರೋಗ್ಯದ ಬಗ್ಗೆ ನಮ್ಮವರಿಗೆ ಉಪಯೋಗವಾಗುವಂಥ ನಾಲ್ಕು ಮಾತು" ಅಷ್ಟೇ. ನಾನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಅಮೆರಿಕದಲ್ಲಿ ಕೌನ್ಸೆಲರ್ ಆಗಿ ಕೆಲಸ ಮಾಡುತ್ತಿರುವವಳು. ಅದರಲ್ಲೂ ಹತ್ತಿರದವರನ್ನು ಕಳೆದುಕೊಂಡು ಬರುವವರ ಜೊತೆ ಕೂರುವುದೇ ನನ್ನ ಹೆಚ್ಚಿನ ಕೆಲಸ. ದುಃಖದ ಲಕ್ಷಣಗಳು ಇಂತಿಂಥವು, ಹೀಗೆ ಮಾಡಿ, ಹಾಗೆ ಮಾಡಬೇಡಿ ಎಂದು ಬರೆಯಲು ಒಂದು ಭಾನುವಾರದ ಮಧ್ಯಾಹ್ನ ಸಾಕು. ಬರೆದೂ ಬರೆದೆ. ಮತ್ತೆ ಓದಿದಾಗ ನಾನು ಪಟ್ಟ ಪಾಡಿಗೂ ಆ ಬರಹಕ್ಕೂ ಸಂಬಂಧವೇ ಇಲ್ಲವೆನ್ನಿಸಿತು. ಅದನ್ನು ಪಕ್ಕಕ್ಕಿಟ್ಟು ಇದನ್ನು ಬರೆಯುತ್ತಿದ್ದೇನೆ. ತಡವಾದದ್ದಕ್ಕೆ ಕ್ಷಮೆಯಿರಲಿ.

2017ರ ಜನವರಿ, ಒಂದು ಬುಧವಾರ. ಬೆಳಿಗ್ಗೆ ಹನ್ನೊಂದು ಗಂಟೆಗೆ ನನ್ನೆದುರು ಒಬ್ಬರು ಕೂತಿದ್ದರು. ಅವರ ಬಗ್ಗೆ ಏನೂ ಹೇಳುವಂತಿಲ್ಲ. ಅಂಥ ಹೊತ್ತಿನಲ್ಲಿ ಫೋನಿನ ಸದ್ದು ನಿಲ್ಲಿಸಿ ಮೇಜಿನ ಡ್ರಾಯರಿನಲ್ಲಿ ಇಡುವುದು ನನ್ನ ಪದ್ಧತಿ. ಹನ್ನೆರಡಕ್ಕೆ ತೆಗೆದು ನೋಡಿದರೆ ಮೈಸೂರಿನಿಂದ ಅಮ್ಮನ ಎರಡು ಮಿಸ್ಡ್ ಕಾಲ್. ಅಲ್ಲಿ ಆಗ ರಾತ್ರಿ ಹತ್ತೂವರೆ. ಮಲಗಿರುತ್ತಾಳೆ, ಎಬ್ಬಿಸುವುದು ಬೇಡವೆಂದು "ನಾಳೆ ಮಾಡ್ತೀನಮ್ಮ" ಅಂತ ವಾಟ್ಸಾಪಿನಲ್ಲಿ ಒಂದು ಸಾಲು ಕಳಿಸಿ ಮುಂದಿನ ಕೆಲಸ ನೋಡಿಕೊಂಡೆ. ಸಂಜೆ ಆರಕ್ಕೆ ತಮ್ಮನ ಫೋನ್ ಬಂತು. ಅಲ್ಲಿ ಬೆಳಗಿನ ಜಾವ ನಾಲ್ಕೂವರೆ. ಆ ವೇಳೆಯಲ್ಲಿ ಊರಿನಿಂದ ಫೋನ್ ಬಂದರೆ ಏನರ್ಥವೆಂದು ಇಲ್ಲಿರುವ ನಮಗೆಲ್ಲ ಎತ್ತುವ ಮೊದಲೇ ಗೊತ್ತಾಗುತ್ತದೆ.

"ಅಕ್ಕಾ, ಅಮ್ಮ ಹೋಗ್ಬಿಟ್ಲು ಕಣೇ" ಎಂದ. ಎದೆನೋವು ಎಂದಳಂತೆ, ಆಂಬುಲೆನ್ಸ್ ಬರುವಷ್ಟರಲ್ಲಿ ಮುಗಿದಿತ್ತು. "ನೀನು ಬರೋವರ್ಗೂ ಇಟ್ಕೊಂಡಿರೋಣ್ವಾ?" ಎಂದು ಕೇಳಿದ. "ಬೇಡ ಕಣೋ, ನನಗೋಸ್ಕರ ಕಾಯಬೇಡಿ" ಎಂದೆ. ಎಷ್ಟು ಸಮಾಧಾನದ ದನಿಯಲ್ಲಿ ಹೇಳಿದೆನೆಂದರೆ, ಆ ಮಾತನ್ನು ಹೇಳಿದ್ದು ಮಗಳೋ ಕೌನ್ಸೆಲರೋ ಎಂದು ಆಮೇಲೆ ಎಷ್ಟೋ ಸಲ ಕೇಳಿಕೊಂಡಿದ್ದೇನೆ.

ಶುಕ್ರವಾರ ಮನೆ ಮುಟ್ಟಿದಾಗ ಎಲ್ಲ ಮುಗಿದಿತ್ತು. ಮರುದಿನ ಅಸ್ಥಿ ಬಿಡಲು ಶ್ರೀರಂಗಪಟ್ಟಣದ ಹತ್ತಿರ ಪಶ್ಚಿಮವಾಹಿನಿಗೆ ಹೋದೆವು. ನಾನು ಮೆಟ್ಟಿಲ ಮೇಲೆ ನಿಂತಿದ್ದೆ. ಮದುವೆಯಾಗಿ ಹೋದ ಹೆಣ್ಣುಮಗಳಿಗೆ ತಂದೆತಾಯಿಯರ ಸೂತಕ ಮೂರೇ ದಿನ ಎಂದರು ಪುರೋಹಿತರು. ಅದೇ ಸಂಜೆ ಕೆಲಸದ ಕಡೆಯಿಂದ ಸಂತಾಪದ ಇ-ಮೇಲ್ ಬಂತು; ಸಾವಿನ ರಜೆ ಮೂರು ದಿನ ಮಂಜೂರಾಗಿದೆ, ಹೆಚ್ಚಿಗೆ ಬೇಕಾದರೆ ನಿಮ್ಮ ಸ್ವಂತ ರಜೆ ಹಾಕಿಕೊಳ್ಳಬಹುದು ಅಂತ. ಧರ್ಮಶಾಸ್ತ್ರವೂ ಅಮೆರಿಕದ ಆಫೀಸೂ ಹೀಗೆ ಒಮ್ಮತಕ್ಕೆ ಬಂದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ತಮ್ಮನಿಗೆ ತೋರಿಸಿದೆ. ಆ ದುಃಖದಲ್ಲೂ ಇಬ್ಬರೂ ನಕ್ಕೆವು.

ಸ್ವಂತ ರಜೆ ಸೇರಿಸಿ ವೈಕುಂಠ ಸಮಾರಾಧನೆಯವರೆಗೆ ಉಳಿದೆ. ಅಷ್ಟು ದಿನವೂ ಮನೆಗೆ ಜನ ಬರುತ್ತಿದ್ದರು. ಯಾರೂ ಮೊದಲೇ ಫೋನ್ ಮಾಡಿ ಬರುತ್ತಿರಲಿಲ್ಲ. ಬಂದು ಕೂತು, "ಹೇಗಾಯ್ತು?" ಎಂದು ಕೇಳುತ್ತಿದ್ದರು. ತಮ್ಮನ ಹೆಂಡತಿ ಹೇಳುತ್ತಿದ್ದಳು: ಹಿಂದಿನ ರಾತ್ರಿ ಎಂಟಕ್ಕೆ ಎರಡು ಚಪಾತಿ ತಿಂದರು, ಟೀವಿ ನೋಡಿದರು, ಒಂಬತ್ತೂವರೆ ಸುಮಾರಿಗೆ ಅಕ್ಕನಿಗೆ ಫೋನ್ ಮಾಡಿದರು, ಸಿಗಲಿಲ್ಲ. ಮತ್ತೊಬ್ಬರು ಬಂದರೆ ಮತ್ತೆ ಮೊದಲಿನಿಂದ. ದಿನಕ್ಕೆ ಎಂಟು ಹತ್ತು ಸಲ. "ಅಕ್ಕನಿಗೆ ಫೋನ್ ಮಾಡಿದರು, ಸಿಗಲಿಲ್ಲ" ಎನ್ನುವಾಗ ನಾನು ಕಾಫಿ ಲೋಟ ತೆಗೆಯುವ ನೆಪದಲ್ಲಿ ಒಳಗೆ ಹೋಗುತ್ತಿದ್ದೆ. ಅವಳು ಚುಚ್ಚಲು ಹೇಳಿದ್ದಲ್ಲ, ಕಥೆಯ ಕ್ರಮದಲ್ಲಿ ಆ ಸಾಲು ಬರುತ್ತಿತ್ತು, ಅಷ್ಟೇ. ಹದಿಮೂರನೆಯ ದಿನದ ಹೊತ್ತಿಗೆ ಅವಳ ದನಿಯಲ್ಲಿ ಮೊದಲಿನ ನಡುಕ ಇರಲಿಲ್ಲ. ನನ್ನದು ಹೇಗಿತ್ತೆಂದು ಹೇಳಲಾರೆ, ನಾನು ಒಂದು ಸಲವೂ ಹೇಳಿರಲಿಲ್ಲವಲ್ಲ.

ಸಾವಾದ ಮನೆಗೆ ಹೋಗಿ ಬರುವುದಕ್ಕೆ ನಮ್ಮ ಕಡೆ "ಮಾತಾಡಿಸಿಕೊಂಡು ಬರೋದು" ಎನ್ನುತ್ತೇವೆ. ಹುಟ್ಟಿದಾಗಿನಿಂದ ಕೇಳಿದ ಈ ಮಾತಿನ ಅರ್ಥ ನನಗೆ ಹೊಳೆದದ್ದು ಬಹಳ ತಡವಾಗಿ. ಸಮಾಧಾನ ಹೇಳಿ ಬರೋಣ, ಧೈರ್ಯ ತುಂಬಿ ಬರೋಣ ಎಂದೂ ಅನ್ನುತ್ತೇವೆ, ನಿಜ. ಆದರೆ ರೂಢಿಯಲ್ಲಿ ಬಾಯಿಗೆ ಬರುವ ಮಾತು ಮಾತಾಡಿಸುವುದು, ಅಂದರೆ ಅವರಿಂದ ಮಾತು ಹೊರಡಿಸುವುದು. ಕೆಲಸ ಬಂದವರದು, ಮಾತು ಮನೆಯವರದು.

ಇಲ್ಲಿಗೆ ವಾಪಸಾದ ಎರಡನೆಯ ವಾರ ಮೈಸೂರಿನ ಪಕ್ಕದ ಮನೆಯವರ ಮಗಳು ನ್ಯೂಜೆರ್ಸಿಯಿಂದ ಒಂದು ಪಾರ್ಸೆಲ್ ಕಳಿಸಿದಳು. ಅರ್ಧ ಕಿಲೋ ಸಾರಿನ ಪುಡಿ. ಅಮ್ಮ ಆ ರಾತ್ರಿ ಫೋನ್ ಮಾಡಿದ್ದು ಇದಕ್ಕಂತೆ: ಪಕ್ಕದ ಮನೆ ಹುಡುಗಿ ಹೊರಟಿದ್ದಾಳೆ, ಸಾರಿನ ಪುಡಿ ಸಾಕೋ, ಹುಳಿಪುಡಿಯೂ ಬೇಕೋ ಎಂದು ಕೇಳಲು. ಪೊಟ್ಟಣವನ್ನು ತೆರೆಯದೆ ಫ್ರೀಜರಿನಲ್ಲಿಟ್ಟೆ.

ಅದೇ ಶನಿವಾರ ದೇವಸ್ಥಾನಕ್ಕೆ ಹೋಗಿದ್ದೆ. ಪ್ರಸಾದದ ಸಾಲಿನಲ್ಲಿ ನಾವೆಲ್ಲ ಅಂಕಲ್ ಎನ್ನುವ ಹಿರಿಯರೊಬ್ಬರು ಸಿಕ್ಕರು. ಬಹಳ ಒಳ್ಳೆಯವರು, ನನ್ನ ಮೇಲೆ ಅಕ್ಕರೆಯುಳ್ಳವರು. "ವಿಷಯ ಗೊತ್ತಾಯ್ತಮ್ಮ. ನಿನಗೆ ನಾವೇನು ಹೇಳೋದು, ನೀನೇ ಎಲ್ಲರಿಗೂ ಧೈರ್ಯ ಹೇಳೋಳು. ಆತ್ಮಕ್ಕೆ ಸಾವಿಲ್ಲ ಅಂತ ಕೃಷ್ಣನೇ ಹೇಳಿಲ್ವೇ" ಎಂದರು. "ಹೌದು ಅಂಕಲ್" ಎಂದೆ. ಪುಳಿಯೋಗರೆ ಹಾಕಿಸಿಕೊಂಡು ಮುಂದೆ ಹೋದೆ. ಆ ದಿನ ನನ್ನನ್ನು ಮಾತಾಡಿಸಿದವರು ಹತ್ತು ಹನ್ನೆರಡು ಜನ. ಎಲ್ಲರದೂ ಹೆಚ್ಚುಕಡಿಮೆ ಇದೇ ಮಾತು. ಯಾರೂ "ಹೇಗಾಯ್ತು?" ಎಂದು ಕೇಳಲಿಲ್ಲ. ಕೇಳಿದರೆ ನೋವಾದೀತೆಂಬ ಸೌಜನ್ಯ. ಈ ಸೌಜನ್ಯವನ್ನು ನಾವು ಇಲ್ಲಿಗೆ ಬಂದ ಮೇಲೆ ಕಲಿತದ್ದಿರಬೇಕು.

ಆ ಅಂಕಲ್ ಹೇಳಿದ್ದು ತಪ್ಪೇನಲ್ಲ. ಗೀತೆಯ ಎರಡನೆಯ ಅಧ್ಯಾಯದ ಮೇಲೆ ನನಗೂ ನಂಬಿಕೆಯಿದೆ. ಆದರೂ ಆ ರಾತ್ರಿ ನಿದ್ದೆ ಬಾರದೆ ಹೊರಳಾಡುತ್ತಾ ಅರ್ಜುನನ ಬಗ್ಗೆ ಯೋಚಿಸಿದೆ. ಯುದ್ಧದ ಮೊದಲ ದಿನ ಅವನು ಗೀತೆ ಕೇಳಿದ, ಸ್ವತಃ ಭಗವಂತನ ಬಾಯಿಂದ. ಹದಿಮೂರನೆಯ ದಿನ ಅಭಿಮನ್ಯು ಸತ್ತ. ಆ ಸಂಜೆ ಅರ್ಜುನ ಹೇಗೆ ಅತ್ತನೆಂಬುದನ್ನು ದ್ರೋಣಪರ್ವದಲ್ಲಿ ಓದಿದವರಿಗೆ ಗೊತ್ತು. ಎರಡು ವಾರವೂ ಆಗಿರಲಿಲ್ಲ! ಆತ್ಮ ಅವಿನಾಶಿ ಎಂಬುದು ಅವನಿಗೆ ತಿಳಿದಿರಲಿಲ್ಲವೇ? ತಿಳಿದಿತ್ತು. ಮಗ ಶಿಬಿರದ ಬಾಗಿಲಿಗೆ ಎದುರು ಬರಲಿಲ್ಲ, ಅಷ್ಟೇ. ಇನ್ನೂ ಒಂದು ತಮಾಷೆಯಿದೆ. ಯುದ್ಧವೆಲ್ಲ ಮುಗಿದ ಮೇಲೆ, ಅಶ್ವಮೇಧಿಕ ಪರ್ವದಲ್ಲಿ, ಅರ್ಜುನ ಕೃಷ್ಣನ ಬಳಿ ಬಂದು ಅವತ್ತು ನೀನು ಹೇಳಿದ್ದೆಲ್ಲ ಮರೆತುಹೋಗಿದೆ, ಇನ್ನೊಮ್ಮೆ ಹೇಳು ಎನ್ನುತ್ತಾನೆ. ಕೃಷ್ಣ ಸಿಟ್ಟುಮಾಡಿಕೊಂಡೇ ಮತ್ತೆ ಬೋಧಿಸುತ್ತಾನೆ, ಅದು ಅನುಗೀತೆ. ಅರ್ಜುನನೇ ಮರೆತ ಮೇಲೆ ಪುಳಿಯೋಗರೆಯ ಸಾಲಿನಲ್ಲಿ ನಾನು ನೆನಪಿಟ್ಟುಕೊಂಡಿರಬೇಕಿತ್ತೇ?

ದುಃಖದ ಬಗ್ಗೆ ನನಗೆ ತಿಳಿದದ್ದು ಕಡಿಮೆಯೇನಲ್ಲ. ಎಲಿಸಬೆತ್ ಕ್ಯೂಬ್ಲರ್-ರಾಸ್ 1969ರ ತಮ್ಮ ಪುಸ್ತಕದಲ್ಲಿ ಹೇಳಿದ ಐದು ಹಂತಗಳು ಮೂಲತಃ ಸಾವಿನ ಹತ್ತಿರವಿರುವ ರೋಗಿಗಳನ್ನು ಮಾತಾಡಿಸಿ ಬರೆದದ್ದು, ಉಳಿದವರು ಹತ್ತಲೇಬೇಕಾದ ಮೆಟ್ಟಿಲಲ್ಲ ಎಂದು ನಾನು ಎಷ್ಟೋ ಜನಕ್ಕೆ ಬಿಡಿಸಿ ಹೇಳಿದ್ದೇನೆ. ಕಡೆಯ ಫೋನ್ ಎತ್ತಲಿಲ್ಲ, ಕಡೆಯ ದಿನ ಜಗಳವಾಡಿದೆ ಎಂದು ಕೊರಗುವವರಿಗೆ ಏನು ಹೇಳಬೇಕೆಂದೂ ಗೊತ್ತಿತ್ತು. ಅದೇ ಮಾತುಗಳನ್ನು ರಾತ್ರಿ ಎರಡು ಗಂಟೆಗೆ ಅಡಿಗೆಮನೆಯಲ್ಲಿ ನಿಂತು ನನಗೇ ಹೇಳಿಕೊಂಡೆ. ನಾನು ಹೇಳುವುದಕ್ಕೆ ಮೊದಲೇ ನನಗೆ ಗೊತ್ತಿದ್ದ ಮಾತುಗಳು ಅವು. ಕೇಳಲು ಅಲ್ಲಿ ಬೇರೆ ಯಾರೂ ಇರಲಿಲ್ಲ.

ಯಾರಲ್ಲಿಗಾದರೂ ಹೋಗಬೇಕೆನ್ನಿಸುತ್ತಿದೆ ಎಂದು ನಮ್ಮ ಯಜಮಾನರಿಗೆ ಹೇಳಿದೆ. "ದಿನಾ ಬೆಳಗಾದರೆ ನೀನು ಮಾಡೋದೇ ಅದು. ಅವರು ನಿನಗೆ ಹೊಸದೇನು ಹೇಳ್ತಾರೆ?" ಎಂದರು. ಅವರು ಬೇಡವೆಂದದ್ದಲ್ಲ, ನಿಜವಾಗಿಯೂ ತಿಳಿಯದೆ ಕೇಳಿದ್ದು. ನನಗೂ ಉತ್ತರ ಗೊತ್ತಿರಲಿಲ್ಲ. ಈ ಲೇಖನ ಬರೆಯಲು ಕೂತಾಗಲೆಲ್ಲ ಅಡ್ಡ ಬಂದದ್ದು ಇದೇ ಪ್ರಶ್ನೆ.

ಅದರ ಜೊತೆಗೆ ನಾಚಿಕೆಯೊಂದಿತ್ತು. ಪುರಾಣ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ ಎನ್ನುತ್ತಾರಲ್ಲ, ಹಾಗಾಯಿತು ನನ್ನ ಕಥೆ. ಸಹಾಯ ಕೇಳುವುದು ಅವಮಾನವಲ್ಲ ಎಂದು ಇಪ್ಪತ್ತು ವರ್ಷ ಊರಿಗೆಲ್ಲ ಹೇಳಿದವಳು ನನ್ನ ಸರದಿ ಬಂದಾಗ ಒಂಬತ್ತು ತಿಂಗಳು ತಳ್ಳಿದೆ. ಇಲ್ಲಿನ ಕೌನ್ಸೆಲರುಗಳ ಸಂಘದ ನೀತಿಸಂಹಿತೆಯಲ್ಲಿ ಸ್ಪಷ್ಟವಾಗಿಯೇ ಇದೆ: ನಿನ್ನ ಸ್ವಂತ ಕಷ್ಟ ನಿನ್ನ ಕೆಲಸವನ್ನು ಕೆಡಿಸುತ್ತಿದೆಯೇ ಎಂದು ಗಮನಿಸುತ್ತಿರಬೇಕು, ಕೆಡಿಸುತ್ತಿದ್ದರೆ ಸಹಾಯ ಪಡೆಯಬೇಕು, ಅಗತ್ಯವಿದ್ದರೆ ಕೆಲಸ ನಿಲ್ಲಿಸಬೇಕು. ಆದರೆ ಕೆಲಸ ಕೆಡುತ್ತಿದೆ ಎಂದು ಕೆಡಿಸುತ್ತಿರುವವರಿಗೆ ಗೊತ್ತಾಗುವುದು ಹೇಗೆ? ನನಗೆ ಗೊತ್ತಾದದ್ದು ಹೀಗೆ. ಹೆಂಡತಿಯನ್ನು ಕಳೆದುಕೊಂಡ ಒಬ್ಬರು (ಗುರುತು ಸಿಗದಂತೆ ವಿವರ ಬದಲಾಯಿಸಿದ್ದೇನೆ) ನನ್ನ ಮಾತನ್ನು ಸ್ವಲ್ಪ ಹೊತ್ತು ಕೇಳಿ, "ಸೂಟ್‌ಕೇಸ್ ಕಳೆದುಹೋದಾಗ ಏರ್‌ಪೋರ್ಟಿನ ಕೌಂಟರಿನಾಕೆಯೂ ನನಗೆ ಇದೇ ಥರ ಹೇಳಿದಳು" ಎಂದರು. ಕೋಪದಿಂದಲ್ಲ, ದಣಿದು. ನಾನು ಹೇಳಿದ ಒಂದೊಂದು ವಾಕ್ಯವೂ ಸರಿಯಾಗಿತ್ತು. ಆದರೆ ನಾನು ಅವರನ್ನು ಮಾತಾಡಿಸುತ್ತಿರಲಿಲ್ಲ, ಬೇಗ ಮುಗಿಯಲೆಂದು ಕಾಯುತ್ತಿದ್ದೆ.

ಇಲ್ಲಿ ಒಂದು ನೈತಿಕ ಪ್ರಶ್ನೆಯೂ ಇದೆ. ನನ್ನ ದುಃಖ ನನ್ನದು, ಅದನ್ನು ನಾನು ನುಂಗಿಕೊಂಡರೆ ಯಾರಿಗೇನು ನಷ್ಟ ಎಂದು ನಾವು ತಿಳಿದಿರುತ್ತೇವೆ. ನುಂಗಿಕೊಳ್ಳುವುದನ್ನು ತ್ಯಾಗವೆಂದು, ಗಟ್ಟಿತನವೆಂದು ಹೊಗಳುವವರೂ ಇದ್ದಾರೆ. ನನ್ನ ಅನುಭವದಲ್ಲಿ ಅದರ ಬೆಲೆಯನ್ನು ಬೇರೆಯವರು ಕೊಟ್ಟರು. ಆ ಮನುಷ್ಯ ಕೊಟ್ಟರು. ಆ ವರ್ಷ ಕಾಲೇಜಿಗೆ ಹೊರಟಿದ್ದ ನನ್ನ ಮಗಳು ಕೊಟ್ಟಳು. ಅಜ್ಜಿಯ ಹೆಸರೆತ್ತಿದರೆ ನಾನು ಪಾತ್ರೆ ತೊಳೆಯಲು ಎದ್ದುಬಿಡುತ್ತಿದ್ದೆನಂತೆ. ಹಾಗಾಗಿ ಅವಳಿಗೂ ಅಳಲು ಜಾಗವಿರಲಿಲ್ಲ. ಇದನ್ನು ಅವಳು ಹೇಳಿದ್ದು ಎರಡು ವರ್ಷದ ಮೇಲೆ.

ಕೊನೆಗೆ ಅಕ್ಟೋಬರಿನಲ್ಲಿ ನಲವತ್ತು ನಿಮಿಷ ದೂರದ ಇನ್ನೊಂದು ಊರಿನ ಕೌನ್ಸೆಲರೊಬ್ಬರಲ್ಲಿಗೆ ಹೋದೆ. ನಮ್ಮೂರಿನವರೆಲ್ಲ ನನಗೆ ಪರಿಚಿತರು, ಅದಕ್ಕೆ. ಇನ್ಶೂರೆನ್ಸಿಗೆ ಹೇಳದೆ ಕೈಯಿಂದಲೇ ದುಡ್ಡು ಕೊಟ್ಟೆ. ಎಲ್ಲಾದರೂ ದಾಖಲೆ ಉಳಿದರೆ, ಮುಂದೆ ಯಾರಾದರೂ ಕೇಳಿದರೆ ಎಂಬ ಹೆದರಿಕೆ. ಅಂಥ ಹೆದರಿಕೆ ಬೇಡವೆಂದು ಎಷ್ಟೋ ಜನರಿಗೆ ನಾನೇ ಹೇಳಿ ಕಳಿಸಿದ್ದೆ.

ಇನ್ಶೂರೆನ್ಸಿನ ಮಾತು ಬಂದದ್ದರಿಂದ ಇದೊಂದನ್ನು ಹೇಳಿಬಿಡುತ್ತೇನೆ. ದುಃಖ ಒಂದು ರೋಗವೇ ಎಂದು ನಮ್ಮ ಜನ ಆಗಾಗ ಕೇಳುತ್ತಾರೆ. ಸಾಮಾನ್ಯ ದುಃಖಕ್ಕೆ ಇಲ್ಲಿನ ಪಟ್ಟಿಯಲ್ಲಿ ಒಂದು ಸಂಕೇತವಿದೆ, ಝಡ್ 63.4. ಮನೆಯವರ ಸಾವು ಎಂದು ಅದರರ್ಥ. ಆದರೆ ಅದು ರೋಗದ ಸಂಕೇತವಲ್ಲ, ಆದ್ದರಿಂದ ಅದೊಂದನ್ನೇ ಬರೆದರೆ ಇನ್ಶೂರೆನ್ಸಿನವರು ಸಾಮಾನ್ಯವಾಗಿ ದುಡ್ಡು ಕೊಡುವುದಿಲ್ಲ. 2022ರ ಮಾರ್ಚಿನಲ್ಲಿ ಅಮೆರಿಕದ ಮನೋವೈದ್ಯರ ಸಂಘ ತನ್ನ ಕೈಪಿಡಿಗೆ ದೀರ್ಘಕಾಲದ ದುಃಖವೆಂಬ ಹೊಸ ಕಾಯಿಲೆಯನ್ನು ಸೇರಿಸಿತು. ಸಾವಾಗಿ ಕನಿಷ್ಠ ಹನ್ನೆರಡು ತಿಂಗಳು ಕಳೆದರೂ ದಿನನಿತ್ಯದ ಬದುಕೇ ನಡೆಯದಂತೆ ಕಾಡುವ ದುಃಖಕ್ಕೆ ಈ ಹೆಸರು. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಇದೇ ಅವಧಿ ಆರು ತಿಂಗಳು. ಅಳುವುದಕ್ಕೂ ಗಡುವೇ ಎಂದು ನನಗೂ ಮೊದಲು ಸಿಟ್ಟು ಬಂದಿತ್ತು. ಆದರೆ ಒಂದು ವರ್ಷ ಎಂಬ ಲೆಕ್ಕ ನಮಗೆ ಹೊಸದೇ? ತಿಂಗಳು ತಿಂಗಳೂ ಮಾಸಿಕ ಮಾಡಿ, ವರ್ಷಾಬ್ದಿಕದವರೆಗೆ ಹಬ್ಬ ಬಿಟ್ಟು, ಆಮೇಲೆ ಮತ್ತೆ ತೋರಣ ಕಟ್ಟುವವರಲ್ಲವೇ ನಾವು? ವ್ಯತ್ಯಾಸವೆಂದರೆ ನಮ್ಮ ಲೆಕ್ಕದಲ್ಲಿ ಆ ಒಂದು ವರ್ಷ ಯಾರಾದರೂ ಜೊತೆಗಿರುತ್ತಿದ್ದರು. ಇಲ್ಲಿ ವರ್ಷ ಕಳೆದ ಮೇಲೆ ಸಂಕೇತ ಸಿಗುತ್ತದೆ. ಆದರೂ ಆ ಸಂಕೇತದಿಂದ ಒಬ್ಬ ವಿಧವೆಗೆ ವಾರಕ್ಕೊಂದು ಗಂಟೆ ಯಾರೋ ಎದುರು ಕೂರುವಂತಾಗುವುದಾದರೆ ನನ್ನ ತಕರಾರಿಲ್ಲ.

ನಾನು ಹೋದ ಕೌನ್ಸೆಲರ್ ಆಫ್ರಿಕನ್ ಅಮೆರಿಕನ್ ಹಿರಿಯರು, ಎಪ್ಪತ್ತರ ಹತ್ತಿರದವರು. ಹಿಂದೆ ಆಸ್ಪತ್ರೆಯೊಂದರಲ್ಲಿ ರೋಗಿಗಳ ಪಕ್ಕ ಕೂತು ಪ್ರಾರ್ಥಿಸುವ ಪಾದ್ರಿಯಾಗಿದ್ದರಂತೆ. ಮೊದಲ ಎರಡು ಸಲ ನಾನು ಅವರ ಜೊತೆ ಸಹೋದ್ಯೋಗಿಯ ಹಾಗೆ ಮಾತಾಡಿದೆ. ನನ್ನ ತೊಂದರೆ ಏನು, ಅದಕ್ಕೆ ಹೆಸರೇನು, ಯಾವ ವಿಧಾನ ಹೊಂದೀತು, ಎಲ್ಲ ನಾನೇ ಹೇಳಿದೆ. ಅವರು ತಾಳ್ಮೆಯಿಂದ ಕೇಳಿದರು. ಮೂರನೆಯ ಸಲ, "ನಿಮ್ಮ ತಾಯಿಯ ಜೊತೆ ಯಾವ ಭಾಷೆಯಲ್ಲಿ ಮಾತಾಡುತ್ತಿದ್ದಿರಿ?" ಎಂದರು. ಕನ್ನಡ ಎಂದೆ. "ಹಾಗಾದರೆ ಆ ದಿನ ಏನಾಯಿತೆಂದು ಅದೇ ಭಾಷೆಯಲ್ಲಿ ಹೇಳಿ." ನಿಮಗೆ ಅರ್ಥವಾಗುವುದಿಲ್ಲವಲ್ಲ ಎಂದೆ. "ಪರವಾಗಿಲ್ಲ, ನಾನು ಇಲ್ಲೇ ಕೂತಿರುತ್ತೇನೆ" ಎಂದರು.

ನನಗೆ ನಗು ಬಂತು. ಆಮೇಲೆ ಶುರುಮಾಡಿದೆ. "ಬುಧವಾರ ಅಮ್ಮ ಫೋನ್ ಮಾಡಿದ್ಲು. ನಾನು ಎತ್ತಲಿಲ್ಲ." ಹತ್ತು ಹದಿನೈದು ನಿಮಿಷ ಮಾತಾಡಿರಬೇಕು. ಚಪಾತಿ, ಟೀವಿ, ಮಿಸ್ಡ್ ಕಾಲ್, ಕಾಯಬೇಡಿ ಎಂದದ್ದು, ಪಶ್ಚಿಮವಾಹಿನಿಯ ಮೆಟ್ಟಿಲು, ಫ್ರೀಜರಿನ ಸಾರಿನ ಪುಡಿ. ತಮ್ಮನ ಹೆಂಡತಿ ದಿನಕ್ಕೆ ಹತ್ತು ಸಲ ಹೇಳಿದ್ದನ್ನು ನಾನು ಒಂಬತ್ತು ತಿಂಗಳಾದ ಮೇಲೆ ಮೊದಲ ಸಲ ಹೇಳಿದೆ, ಕನ್ನಡದ ಒಂದಕ್ಷರ ಬಾರದವರ ಮುಂದೆ. ಅತ್ತೆನೆಂದು ಬೇರೆ ಹೇಳಬೇಕಾಗಿಲ್ಲ. ಅವರು ಒಂದು ಮಾತೂ ಆಡಲಿಲ್ಲ, ಟಿಶ್ಯೂ ಡಬ್ಬಿಯನ್ನೂ ಮುಂದೆ ತಳ್ಳಲಿಲ್ಲ. (ಡಬ್ಬಿ ತಳ್ಳಿದರೆ ಸಾಕು, ಅಳು ನಿಲ್ಲಿಸಿ ಎಂದಂತೆ ಎಂಬುದು ನಮ್ಮ ವೃತ್ತಿಯವರಿಗೆ ಗೊತ್ತಿರುವ ಸಂಗತಿ.) ಅವರು ನನಗೆ ಹೊಸದೇನು ಹೇಳಿದರು? ಏನೂ ಇಲ್ಲ. ಯಜಮಾನರ ಪ್ರಶ್ನೆಗೆ ಅವತ್ತು ಉತ್ತರ ಸಿಕ್ಕಿತು. ಮನುಷ್ಯ ತನಗೆ ತಾನು ಏನು ಬೇಕಾದರೂ ಹೇಳಿಕೊಳ್ಳಬಹುದು, ತನ್ನನ್ನು ತಾನು ಮಾತಾಡಿಸಿಕೊಳ್ಳಲು ಮಾತ್ರ ಆಗುವುದಿಲ್ಲ.

ಆಮೇಲೆ ಛಾಂದೋಗ್ಯ ಉಪನಿಷತ್ತಿನ ಏಳನೆಯ ಅಧ್ಯಾಯವನ್ನು ಮತ್ತೆ ತೆಗೆದು ಓದಿದೆ. ನಾರದರು ಸನತ್ಕುಮಾರರಲ್ಲಿಗೆ ಹೋಗಿ ಕಲಿಸಿ ಎಂದು ಕೇಳುತ್ತಾರೆ. ಸನತ್ಕುಮಾರರು ಕೂಡಲೇ ಉಪದೇಶಕ್ಕೆ ಇಳಿಯುವುದಿಲ್ಲ. ನಿನಗೇನು ಗೊತ್ತೋ ಅದನ್ನು ಮೊದಲು ಹೇಳು, ಮುಂದಿನದನ್ನು ನಾನು ಹೇಳುತ್ತೇನೆ ಎನ್ನುತ್ತಾರೆ. ಆಗ ನಾರದರು ತಮ್ಮ ವಿದ್ಯೆಯ ಪಟ್ಟಿ ಬಿಚ್ಚುತ್ತಾರೆ: ನಾಲ್ಕು ವೇದ, ಇತಿಹಾಸ ಪುರಾಣ, ವ್ಯಾಕರಣ, ಗಣಿತ, ತರ್ಕ, ನಕ್ಷತ್ರವಿದ್ಯೆ, ಸರ್ಪವಿದ್ಯೆ, ಪಿತೃಕಾರ್ಯದ ವಿದ್ಯೆಯೂ ಅದರಲ್ಲಿದೆ. ನಾನು ಮೊದಲ ಎರಡು ಭೇಟಿಗಳಲ್ಲಿ ಮಾಡಿದ್ದೂ ಇದನ್ನೇ! ಪಟ್ಟಿ ಮುಗಿದ ಮೇಲೆ ನಾರದರು ಹೇಳುವುದು ಇಷ್ಟು: ಇದೆಲ್ಲ ಬರೀ ಶಬ್ದವಾಗಿ ನನಗೆ ಗೊತ್ತು, ಆತ್ಮವನ್ನು ಅರಿತವನು ಶೋಕವನ್ನು ದಾಟುತ್ತಾನಂತೆ, ನಾನು ಶೋಕಿಸುತ್ತಿದ್ದೇನೆ, ದಾಟಿಸಿ.

ಅಲ್ಲಿನ ಶೋಕ ಸಂಸಾರದ ಶೋಕ, ಯಾರೋ ಸತ್ತದ್ದರ ಅಳುವಲ್ಲ ಎಂದು ತಿಳಿದವರು ತಿದ್ದಬಹುದು. ಒಪ್ಪುತ್ತೇನೆ. ನಾರದರು ಯಾರನ್ನು, ಏನನ್ನು ಕಳೆದುಕೊಂಡಿದ್ದರೆಂದು ಉಪನಿಷತ್ತು ಹೇಳುವುದಿಲ್ಲ. ನನ್ನ ಗಮನ ಹೋದದ್ದು ಬೇರೆ ಕಡೆಗೆ. ಅಷ್ಟೆಲ್ಲ ಬಲ್ಲವನು ಇನ್ನೊಬ್ಬರ ಮನೆ ಬಾಗಿಲಿಗೆ ಹೋಗಿ ನಾನು ಶೋಕಿಸುತ್ತಿದ್ದೇನೆ ಎಂದದ್ದನ್ನು ನಮ್ಮ ಹಿರಿಯರು ಮುಚ್ಚಿಡಲಿಲ್ಲ, ಅಧ್ಯಾಯದ ಮೊದಲಿಗೇ ಇಟ್ಟರು. ಇಷ್ಟು ಓದಿದವನಿಗೆ ಇದೆಂಥ ಅಳು ಎಂದು ಸನತ್ಕುಮಾರರು ಕೇಳಲೂ ಇಲ್ಲ.

ವ್ಯಾಸರ ಕಥೆ ನನಗೆ ಇದಕ್ಕಿಂತ ಹತ್ತಿರ. ಮಹಾಭಾರತದ ಶಾಂತಿಪರ್ವದಲ್ಲಿ ಬರುತ್ತದೆ. ಮಗ ಶುಕನಿಗೆ ಮೋಕ್ಷಮಾರ್ಗ ಹೇಳಿಕೊಟ್ಟವರು ಅವರೇ, ಮಿಥಿಲೆಯ ಜನಕನಲ್ಲಿಗೆ ಕಳಿಸಿದವರೂ ಅವರೇ. ಮಗ ಕಲಿತು ಎಲ್ಲವನ್ನೂ ಬಿಟ್ಟು ಹೊರಟಾಗ ತಂದೆ ಅವನ ಹೆಸರು ಕೂಗುತ್ತಾ ಹಿಂದೆ ಓಡುತ್ತಾರೆ. ಬೆಟ್ಟಗಳಿಂದ ಓಗೊಟ್ಟ ದನಿ ಬರುತ್ತದೆ, ಮಗ ಬರುವುದಿಲ್ಲ. ಕುಸಿದು ಕೂತ ವ್ಯಾಸರ ಬಳಿಗೆ ಶಿವ ಬರುತ್ತಾನೆ. ಸಾಂತ್ವನ ಹೇಳುತ್ತಾನೆ, ನಿನ್ನ ಮಗ ಪರಮಗತಿ ಹೊಂದಿದ, ಏಕೆ ಅಳುತ್ತೀಯೆ ಎಂದೂ ಕೇಳುತ್ತಾನೆ. ಆದರೆ ಅಷ್ಟಕ್ಕೇ ನಿಲ್ಲಿಸುವುದಿಲ್ಲ. ಮಗನನ್ನೇ ಹೋಲುವ ಒಂದು ನೆರಳು ಎಂದೂ ನಿನ್ನನ್ನು ಅಗಲದೆ ಪಕ್ಕದಲ್ಲಿರುತ್ತದೆ ಎಂದು ವರ ಕೊಡುತ್ತಾನೆ. ಶಿವನಿಗೂ ಬರೀ ವೇದಾಂತ ಸಾಲದು ಎನ್ನಿಸಿರಬೇಕು.

ಈ ನೆರಳಿನ ವರವನ್ನು ನಮ್ಮ ವೃತ್ತಿಯವರು ಕಂಡುಕೊಂಡದ್ದು ತೀರ ಈಚೆಗೆ. ಬಹಳ ಕಾಲ, ಸತ್ತವರ ಜೊತೆಗಿನ ಸಂಬಂಧ ಕಡಿದುಕೊಂಡು ಮುಂದೆ ಸಾಗುವುದೇ ವಾಸಿಯಾಗುವ ದಾರಿ ಎಂದು ಇಲ್ಲಿ ಕಲಿಸುತ್ತಿದ್ದರು. 1996ರಲ್ಲಿ ಕ್ಲಾಸ್, ಸಿಲ್ವರ್‌ಮನ್, ನಿಕ್‌ಮನ್ ಎಂಬ ಮೂವರು ಸಂಪಾದಿಸಿದ ಪುಸ್ತಕ ಬಂದ ಮೇಲೆ, ಸಂಬಂಧ ಮುಗಿಯಬೇಕಾಗಿಲ್ಲ, ರೂಪ ಬದಲಾಯಿಸಿ ಮುಂದುವರಿಯಬಹುದು ಎಂಬ ಮಾತಿಗೆ ಬೆಲೆ ಬಂತು. ವರ್ಷಕ್ಕೊಮ್ಮೆ ಎಳ್ಳುನೀರು ಬಿಟ್ಟು, ಹೋದವರಿಗೆ ಇಷ್ಟವಾದ ಅಡಿಗೆ ಮಾಡಿ ಬಡಿಸುವ ಮನೆಯಲ್ಲಿ ಬೆಳೆದ ನಾನು ಆ ಪುಸ್ತಕದ ಮೇಲೆ ಪರೀಕ್ಷೆ ಬರೆದು ಪಾಸು ಮಾಡಿದೆ. ಎರಡಕ್ಕೂ ಇರುವ ನಂಟು ಮಾತ್ರ ಅಮ್ಮ ಹೋಗುವವರೆಗೆ ಹೊಳೆದಿರಲಿಲ್ಲ.

ಸಾರಿನ ಪುಡಿಯ ಪೊಟ್ಟಣ ತೆರೆದದ್ದು 2018ರಲ್ಲಿ, ಅವಳ ವರ್ಷಾಬ್ದಿಕ ಮುಗಿದ ವಾರ. ಘಮ ಅರ್ಧಕ್ಕರ್ಧ ಹೋಗಿತ್ತು. ಮಗಳು ರಜೆಗೆ ಬಂದಿದ್ದಳು. ಇಬ್ಬರೂ ಸಾರನ್ನ ತಿಂದೆವು, ಅಜ್ಜಿಗೆ ಉಪ್ಪು ಯಾವಾಗಲೂ ಸ್ವಲ್ಪ ಜಾಸ್ತಿಯೇ ಆಗುತ್ತಿತ್ತು ಎಂದು ಮಾತಾಡಿಕೊಂಡೆವು.

ಎಲ್ಲರೂ ಕೌನ್ಸೆಲರರ ಹತ್ತಿರ ಹೋಗಿ ಎಂದು ನಾನು ಹೇಳುತ್ತಿಲ್ಲ. ಹೆಚ್ಚಿನವರಿಗೆ ಅದು ಬೇಕಾಗುವುದೂ ಇಲ್ಲ, ಬಂದು ಕೂತು "ಹೇಗಾಯ್ತು?" ಎಂದು ಕೇಳುವ ನಾಲ್ಕು ಜನ ಸಾಕು. ಆದರೆ ಇಲ್ಲಿ ನಮಗೆ ಆ ನಾಲ್ಕು ಜನ ಯಾವಾಗಲೂ ಸಿಗುವುದಿಲ್ಲ. ತಿಂಗಳುಗಟ್ಟಲೆ ನಿದ್ದೆಯಿಲ್ಲದೆ, ಊಟ ಸೇರದೆ, ಕೆಲಸ ಮಾಡಲಾಗದೆ ಇದ್ದರೆ, ಅಥವಾ ಹೋದವರ ಹಿಂದೆಯೇ ಹೋಗಿಬಿಡಬೇಕೆಂಬ ಯೋಚ‌ನೆ ಬಂದರೆ ತಡಮಾಡಬಾರದು. ಅಮೆರಿಕದಲ್ಲಿ 2022ರ ಜುಲೈನಿಂದ 988 ಎಂಬ ಮೂರಂಕಿಯ ಸಂಖ್ಯೆಗೆ ಯಾವ ಹೊತ್ತಿನಲ್ಲಿಯೂ ಫೋನ್ ಮಾಡಬಹುದು, ಸಂದೇಶವನ್ನೂ ಕಳಿಸಬಹುದು. ಊರಿನಲ್ಲಿರುವ ಅಪ್ಪ ಅಮ್ಮಂದಿರಿಗೆ ಟೆಲಿ ಮಾನಸ್ ಇದೆ, ಸಂಖ್ಯೆ 14416. ಅದೂ 2022ರಲ್ಲೇ ಶುರುವಾದದ್ದು, ಕನ್ನಡದಲ್ಲಿ ಮಾತಾಡುವವರು ಸಿಗುತ್ತಾರೆ. ಇಲ್ಲಿ ಮಗಳನ್ನೋ ಅಳಿಯನನ್ನೋ ಕಳೆದುಕೊಂಡು, ಮೊಮ್ಮಕ್ಕಳನ್ನು ನೋಡಿಕೊಳ್ಳಲು ಬಂದು, ಇಂಗ್ಲಿಷ್ ಬಾರದೆ ನಾಲ್ಕು ಗೋಡೆಗಳ ಮಧ್ಯೆ ಕೂತಿರುವ ಹಿರಿಯರೂ ನಮ್ಮ ನಡುವೆ ಇದ್ದಾರೆ. ನನ್ನ ಮಟ್ಟಿಗೆ ಹೇಳುವುದಾದರೆ, ಎಲ್ಲರಿಗಿಂತ ಮೊದಲು ಮಾತಾಡಿಸಬೇಕಾದವರು ಅವರು.

ನಾನು ಆ ಹಿರಿಯರಲ್ಲಿಗೆ ಸುಮಾರು ಒಂದೂವರೆ ವರ್ಷ ಹೋದೆ. ಫೋನ್ ಎತ್ತಲಿಲ್ಲವೆಂಬ ಸಂಗತಿ ಅಳಿಸಿಹೋಗಿಲ್ಲ, ಈಗಲೂ ಡ್ರಾಯರಿನಲ್ಲಿ ಫೋನ್ ಇಡುವಾಗ ಒಂದು ಕ್ಷಣ ಕೈ ನಿಲ್ಲುತ್ತದೆ. ಆಮೇಲೆ ಇಡುತ್ತೇನೆ.

ಹೋದ ತಿಂಗಳು ನಮ್ಮ ದೇವಸ್ಥಾನಕ್ಕೆ ಬರುವ ಹುಬ್ಬಳ್ಳಿ ಕಡೆಯ ಹುಡುಗನೊಬ್ಬನ ತಂದೆ ತೀರಿಕೊಂಡರು. ಅವನು ಊರಿಗೆ ಹೋಗಿ ಬಂದ ವಾರ ಫೋನ್ ಮಾಡದೆ ಮನೆಗೆ ಹೋದೆ, ಒಂದು ಡಬ್ಬಿ ಮೊಸರನ್ನ ತೆಗೆದುಕೊಂಡು. ಬಾಗಿಲು ತೆಗೆದವನಿಗೆ ಗಾಬರಿ. ಮನೆ ತುಂಬ ಬಟ್ಟೆ ಹರಡಿತ್ತು. "ಏನ್ರೀ ಅಕ್ಕಾರ, ಹೇಳ್ದ ಕೇಳ್ದ ಬಂದ್ರಿ" ಎಂದ. "ಹೇಗಾಯ್ತಪ್ಪಾ?" ಎಂದು ಕೇಳಿದೆ. ಅವನು ಅಪ್ಪನ ಹಳೆಯ ಸ್ಕೂಟರಿನ ವಿಷಯದಿಂದ ಶುರುಮಾಡಿದ. ಒಂದೂವರೆ ಗಂಟೆಯಾಯಿತು. ನಾನು ಮಾತಾಡಿದ್ದು ಬಹಳ ಕಡಿಮೆ. ಹೊರಡುವಾಗ, ಸಾವಿನ ಮನೆಯಲ್ಲಿ ಹೋಗಿ ಬರ್ತೀನಿ ಎನ್ನಬಾರದೆಂದು ಅಮ್ಮ ಹೇಳಿಕೊಟ್ಟದ್ದು ನೆನಪಾಗಿ, ಏನೂ ಹೇಳದೆ ಚಪ್ಪಲಿ ಮೆಟ್ಟಿಕೊಂಡು ಬಂದೆ.